ಲೈಕೆನ್ ಪ್ಲೇನಸ್‌ನ ಬಾಯಿಹುಣ್ಣು: ಜೆಲ್, ಮುಕ್ಕಳಿಸುವ ಔಷಧ, ಮಾತ್ರೆ ಇವುಗಳಲ್ಲಿ ಯಾವುದು ಯಾರಿಗೆ

ಸಾಮಾನ್ಯವಾದ ಬಾಯಿಹುಣ್ಣು ಹೆಚ್ಚೆಂದರೆ ಎರಡು ವಾರ ಕಾಡಿ ತಾನಾಗಿಯೇ ಮಾಯುತ್ತದೆ. ಲೈಕೆನ್ ಪ್ಲೇನಸ್ ಎಂಬ ಚರ್ಮದ ಉರಿಯೂತದ ಜೊತೆಗೆ ಬರುವ ಹುಣ್ಣು ಅಷ್ಟಕ್ಕೆ ಬಿಡುವುದಿಲ್ಲ. ಕೆಲವು ವಾರ ಕೆರಳುತ್ತದೆ, ಕೆಲವು ತಿಂಗಳು ತಣ್ಣಗಿರುತ್ತದೆ, ಗುಣವಾಯಿತೆಂದು ಸಮಾಧಾನ ಪಡುವಷ್ಟರಲ್ಲಿ ಅದೇ ಜಾಗದಲ್ಲೋ ಅದರ ಪಕ್ಕದಲ್ಲೋ ಮತ್ತೆ ಕಾಣಿಸಿಕೊಳ್ಳುತ್ತದೆ. ಮಣಿಕಟ್ಟಿನ ಒಳಭಾಗದಲ್ಲೋ ಕಾಲಿನ ಹರಡಿನ ಬಳಿಯೋ ಏಳುವ, ವಿಪರೀತ ತುರಿಸುವ ನೇರಳೆ ಬಣ್ಣದ ಚಪ್ಪಟೆ ಗುಳ್ಳೆಗಳು ಸಾಮಾನ್ಯವಾಗಿ ಒಂದೆರಡು ವರ್ಷದೊಳಗೆ ಕಪ್ಪು ಕಲೆಯನ್ನಷ್ಟೇ ಉಳಿಸಿ ಹೋಗಿಬಿಡುತ್ತವೆ. ಬಾಯಿಯೊಳಗಿನದು ಮಾತ್ರ ಅದಕ್ಕಿಂತ ಬಹಳ ಹೆಚ್ಚು ಕಾಲ ಉಳಿಯುತ್ತದೆ. ಈಗ ಆರಿಸಿಕೊಳ್ಳುವ ಔಷಧವನ್ನು ಬಿಟ್ಟು ಬಿಟ್ಟು ವರ್ಷಗಟ್ಟಲೆ ಬಳಸಬೇಕಾದೀತು ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವೈದ್ಯರ ಮುಂದೆ ಕುಳಿತವರು ಸಾಮಾನ್ಯವಾಗಿ ಕೇಳುವುದು "ಇದಕ್ಕೆ ಎಲ್ಲಕ್ಕಿಂತ ಬಲವಾದ ಔಷಧ ಯಾವುದು" ಎಂದು. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಹುಣ್ಣು ಬಾಯಿಯ ಯಾವ ಭಾಗದಲ್ಲಿದೆ, ಎಷ್ಟು ಜಾಗ ಹಿಡಿದಿದೆ, ಅಲ್ಲಿ ಔಷಧ ಎಷ್ಟು ನಿಮಿಷ ನಿಲ್ಲಬಲ್ಲದು? ಎಡೆಬಿಡದೆ ಜೊಲ್ಲು ಹರಿಯುವ, ನಾಲಿಗೆ ಸುಮ್ಮನಿರದ ಜಾಗದಲ್ಲಿ ಅತ್ಯಂತ ಬಲವಾದ ಔಷಧವೂ ಅರ್ಧ ನಿಮಿಷದಲ್ಲಿ ಗಂಟಲಿಗಿಳಿದರೆ ಅದರಿಂದ ಹೆಚ್ಚೇನೂ ಪ್ರಯೋಜನವಾಗುವುದಿಲ್ಲ.

ಆಯ್ಕೆಗೆ ಮೊದಲು: ಇದು ಅದೇ ಹೌದೇ?

ಲೈಕೆನ್ ಪ್ಲೇನಸ್ ಎಂಬ ಹೆಸರನ್ನು 1869ರಲ್ಲಿ ಇಂಗ್ಲೆಂಡಿನ ವೈದ್ಯ ಎರಾಸ್ಮಸ್ ವಿಲ್ಸನ್ ಕೊಟ್ಟರು. ಗುಳ್ಳೆಗಳ ಮೇಲೆ ಕಾಣುವ ನವಿರಾದ ಬಿಳಿ ಗೆರೆಗಳನ್ನು 1895ರಲ್ಲಿ ಫ್ರಾನ್ಸಿನ ಲೂಯಿ ವಿಕ್‌ಹ್ಯಾಮ್ ವಿವರಿಸಿದ್ದರಿಂದ ಅವಕ್ಕೆ ಇಂದಿಗೂ ವಿಕ್‌ಹ್ಯಾಮ್ ಗೆರೆಗಳೆಂದೇ ಹೆಸರು. ಎರಡೂ ಕೆನ್ನೆಗಳ ಒಳಭಾಗದಲ್ಲಿ ಬಲೆ ಹೆಣೆದಂತೆ ಕಾಣುವ ಈ ಬಿಳಿ ಗೆರೆಗಳೇ ಬಾಯಿಯಲ್ಲಿ ರೋಗದ ಮುಖ್ಯ ಗುರುತು. ಗೆರೆಗಳ ನಡುವೆ ಲೋಳೆಪೊರೆ ತೆಳುವಾಗಿ ಕೆಂಪಾದಾಗ ಉರಿ ಶುರುವಾಗುತ್ತದೆ. ಪೊರೆ ಹರಿದು ಹಳದಿ ಲೇಪವಿರುವ ಹಸಿ ಗಾಯವಾದಾಗ ನಾವು ಅದನ್ನು ಹುಣ್ಣು ಎನ್ನುತ್ತೇವೆ. ದೇಹದ ರಕ್ಷಣೆಗೆಂದು ಇರುವ ಟಿ ಕಣಗಳೇ ಲೋಳೆಪೊರೆಯ ತಳಪದರದ ಜೀವಕೋಶಗಳ ಮೇಲೆ ದಾಳಿ ಮಾಡುವುದು ಇದಕ್ಕೆ ಕಾರಣ. ಇದು ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬಿ-ಕಾಂಪ್ಲೆಕ್ಸ್ ಮಾತ್ರೆಯ ಕೊರತೆಯಿಂದ ಬಂದದ್ದೂ ಅಲ್ಲ, ಆದರೂ ಬಹಳಷ್ಟು ಮಂದಿ ವೈದ್ಯರ ಬಳಿ ಬರುವ ಹೊತ್ತಿಗೆ ತಿಂಗಳುಗಟ್ಟಲೆ ಅದನ್ನೇ ನುಂಗಿರುತ್ತಾರೆ.

ಇದೇ ರೀತಿ ಕಾಣುವ ಬೇರೆ ರೋಗಗಳಿವೆ, ಅವುಗಳ ಚಿಕಿತ್ಸೆಯೇ ಬೇರೆ. ಪೆಂಫಿಗಸ್ ಮತ್ತು ಪೆಂಫಿಗಾಯ್ಡ್ ಎಂಬ ನೀರ್ಗುಳ್ಳೆಯ ರೋಗಗಳು ಒಸಡಿನ ಮೇಲೆ ಥೇಟ್ ಹೀಗೆಯೇ ಹಸಿ ಗಾಯ ಮಾಡುತ್ತವೆ. ಕೆಲವು ರಕ್ತದೊತ್ತಡದ ಮಾತ್ರೆಗಳು ಮತ್ತು ನೋವಿನ ಮಾತ್ರೆಗಳು ಲೈಕೆನ್ ಪ್ಲೇನಸ್‌ನಂಥದೇ ಪ್ರತಿಕ್ರಿಯೆ ತರಬಲ್ಲವು. ಹಲ್ಲಿಗೆ ತುಂಬಿದ ಬೆಳ್ಳಿಬಣ್ಣದ ಅಮಾಲ್ಗಮ್‌ಗೆ ತಾಗುವ ಕೆನ್ನೆಯ ಭಾಗದಲ್ಲಿ ಮಾತ್ರ ಗಾಯವಿದ್ದರೆ, ಆ ತುಂಬುವಿಕೆಯನ್ನು ಬದಲಿಸಿದಾಗ ಗಾಯ ಮಾಯುವುದುಂಟು. ಅಂಥವರಿಗೆ ಮುಂದೆ ಹೇಳುವ ಯಾವ ಔಷಧಕ್ಕಿಂತಲೂ ದಂತವೈದ್ಯರ ಒಂದು ಗಂಟೆಯ ಕೆಲಸ ಹೆಚ್ಚು ಉಪಯುಕ್ತ. ಆದ್ದರಿಂದ ಹುಣ್ಣು ಇರುವವರು ಚಿಕಿತ್ಸೆ ಆರಂಭಿಸುವ ಮೊದಲು ಬಯಾಪ್ಸಿ ಮಾಡಿಸುವುದು ಒಳ್ಳೆಯದು. ಚುಚ್ಚುಮದ್ದಿನಿಂದ ಮರಗಟ್ಟಿಸಿ, ಗಾಯದ ಅಂಚಿನಿಂದ ಕೆಲವೇ ಮಿಲಿಮೀಟರ್ ಅಗಲದ ತುಣುಕು ತೆಗೆದು, ಒಂದೆರಡು ಹೊಲಿಗೆ ಹಾಕುವ ಸಣ್ಣ ಕೆಲಸ ಅದು. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧ ಹಚ್ಚಿದ ಮೇಲೆ ತುಣುಕಿನಲ್ಲಿ ರೋಗದ ಲಕ್ಷಣಗಳು ಮಸುಕಾಗುತ್ತವೆ, ಹಾಗಾಗಿ ಇದನ್ನು ಮುಂದೂಡಬಾರದು. ಯಕೃತ್ತಿನ ಹೆಪಟೈಟಿಸ್ ಸಿ ಸೋಂಕಿಗೂ ಲೈಕೆನ್ ಪ್ಲೇನಸ್‌ಗೂ ನಂಟಿರುವುದರಿಂದ ಅದರ ರಕ್ತಪರೀಕ್ಷೆಯನ್ನೂ ವೈದ್ಯರು ಹೇಳಬಹುದು.

ಕೆನ್ನೆಯಲ್ಲಿ ಬರೀ ಬಿಳಿ ಬಲೆ ಇದ್ದು ನೋವು, ಉರಿ ಯಾವುದೂ ಇಲ್ಲದಿದ್ದರೆ ಯಾವ ಔಷಧವೂ ಬೇಡ. ಕನ್ನಡಿಯಲ್ಲಿ ನೋಡಿಕೊಂಡು ಗಾಬರಿಯಾಗಿ ಆ ಗೆರೆಗಳನ್ನು ಅಳಿಸಲು ಸ್ಟೀರಾಯ್ಡ್ ಹಚ್ಚುವುದರಿಂದ ಅಡ್ಡ ಪರಿಣಾಮವಷ್ಟೇ ಉಳಿಯುತ್ತದೆ.

ಹಚ್ಚುವ ಸ್ಟೀರಾಯ್ಡ್: ಜೆಲ್, ಮುಲಾಮು, ಪೇಸ್ಟ್

ನೋವಿರುವ ಹುಣ್ಣಿಗೆ ಮೊದಲ ಆಯ್ಕೆ ಹಚ್ಚುವ ಸ್ಟೀರಾಯ್ಡ್ ಎಂಬುದರಲ್ಲಿ ವೈದ್ಯರ ನಡುವೆ ಭಿನ್ನಾಭಿಪ್ರಾಯವಿಲ್ಲ. ಇಷ್ಟು ದಶಕಗಳ ಬಳಕೆಯ ನಂತರವೂ ಇದರ ಹಿಂದಿನ ಪುರಾವೆ ಗಟ್ಟಿಯಾಗಿಲ್ಲ ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು. ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2020ರ ವಿಮರ್ಶೆ, ಹಚ್ಚುವ ಸ್ಟೀರಾಯ್ಡ್ ನೋವನ್ನು ಕಡಿಮೆ ಮಾಡಬಹುದು ಎಂಬ ಎಚ್ಚರಿಕೆಯ ಮಾತಿಗಿಂತ ಮುಂದೆ ಹೋಗಲಿಲ್ಲ.

ಹೆಚ್ಚಾಗಿ ಬಳಕೆಯಲ್ಲಿರುವವು ಎರಡು. ಶೇ. 0.1ರ ಟ್ರಯಾಮ್ಸಿನೊಲೋನ್ ಪೇಸ್ಟ್ ಬಾಯಿಗೆಂದೇ ತಯಾರಾದದ್ದು, ಒದ್ದೆ ಜಾಗಕ್ಕೂ ಅಂಟಿಕೊಳ್ಳುತ್ತದೆ, ಆದರೆ ಅದರ ಬಲ ಮಧ್ಯಮ. ಶೇ. 0.05ರ ಕ್ಲೋಬೆಟಾಸಾಲ್ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತ್ಯಂತ ಬಲವಾದ ವರ್ಗಕ್ಕೆ ಸೇರಿದ್ದು, ಆದರೆ ಚರ್ಮಕ್ಕೆಂದು ತಯಾರಾದದ್ದು. ಟ್ಯೂಬಿನ ಮೇಲೆ "ಹೊರಗೆ ಹಚ್ಚಲು ಮಾತ್ರ" ಎಂದು ಬರೆದಿರುವುದನ್ನು ಓದಿ ಎಷ್ಟೋ ಮಂದಿ ಅದನ್ನು ಬಾಯಿಗೆ ಹಚ್ಚದೆ ಹಾಗೆಯೇ ಇಟ್ಟುಬಿಡುತ್ತಾರೆ, ಮುಂದಿನ ಭೇಟಿಯಲ್ಲಿ ಗುಣವಾಗಿಲ್ಲ ಎನ್ನುತ್ತಾರೆ. ವೈದ್ಯರು ತಿಳಿದೇ ಬಾಯಿಗೆ ಬರೆದುಕೊಟ್ಟಿದ್ದರೆ ಹಚ್ಚಬಹುದು. ಸಂಶಯವಿದ್ದರೆ ಚೀಟಿ ಬರೆಸಿಕೊಳ್ಳುವಾಗಲೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಜೆಲ್ ಮತ್ತು ಮುಲಾಮುಗಳ ನಡುವೆ ನನ್ನ ಆಯ್ಕೆ ಜೆಲ್. ಮುಲಾಮಿನ ಜಿಡ್ಡು ಒದ್ದೆ ಪೊರೆಯ ಮೇಲೆ ಜಾರುತ್ತದೆ. ಕೆಲವು ವೈದ್ಯರು ಮುಲಾಮನ್ನು ಬಾಯಿಗೆ ಅಂಟುವ ಪೇಸ್ಟಿನ ಜೊತೆ ಸಮಪಾಲಿನಲ್ಲಿ ಬೆರೆಸಿ ಹಚ್ಚಲು ಹೇಳುವುದು ಇದೇ ಕಾರಣಕ್ಕೆ. ಕೆಲವರಿಗೆ ಜೆಲ್‌ ಹಚ್ಚಿದಾಗ ಚುರುಗುಟ್ಟುತ್ತದೆ. ಅಂಥವರಿಗೆ ಈ ಮಿಶ್ರಣವೇ ಸರಿ.

ಹಚ್ಚುವ ಕ್ರಮದಲ್ಲೇ ಅರ್ಧ ಚಿಕಿತ್ಸೆ ಅಡಗಿದೆ. ಊಟ, ಹಲ್ಲುಜ್ಜುವುದು ಎಲ್ಲ ಮುಗಿದ ಮೇಲೆ, ಕನ್ನಡಿಯ ಮುಂದೆ ನಿಂತು, ಸ್ವಚ್ಛವಾದ ಗಾಜ್ ಬಟ್ಟೆಯಿಂದ ಹುಣ್ಣಿನ ಜಾಗವನ್ನು ಒತ್ತಿ ಒಣಗಿಸಬೇಕು, ಉಜ್ಜಬಾರದು. ಬೆರಳ ತುದಿಯಲ್ಲಿ ತೆಳ್ಳಗೆ ಹರಡುವಷ್ಟೇ ಔಷಧ ತೆಗೆದುಕೊಂಡು ಹುಣ್ಣು ಮತ್ತು ಅದರ ಸುತ್ತಲಿನ ಕೆಂಪು ಭಾಗವನ್ನು ಮುಚ್ಚುವಂತೆ ಸವರಬೇಕು. ಪೇಸ್ಟ್ ಆಗಿದ್ದರೆ ತಿಕ್ಕದೆ ಮೆಲ್ಲಗೆ ಒತ್ತಬೇಕು, ತಿಕ್ಕಿದರೆ ಅದು ಮರಳಿನಂತೆ ಪುಡಿಪುಡಿಯಾಗಿ ಉದುರಿಹೋಗುತ್ತದೆ. ಆಮೇಲೆ ಅರ್ಧ ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು. ದಿನಕ್ಕೆ ಎರಡು ಅಥವಾ ಮೂರು ಸಲ ಹೀಗೆ ಮಾಡುವುದು ರೂಢಿ. ಒಂದೇ ಸಲ ಸಾಧ್ಯವೆನ್ನುವವರು ರಾತ್ರಿ ಮಲಗುವ ಮುಂಚಿನ ಹೊತ್ತನ್ನು ಆರಿಸಿಕೊಳ್ಳಬೇಕು, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆ, ಔಷಧ ಹೆಚ್ಚು ಹೊತ್ತು ನಿಲ್ಲುತ್ತದೆ.

ಕೆನ್ನೆಯಲ್ಲೋ ನಾಲಿಗೆಯ ಅಂಚಿನಲ್ಲೋ ಒಂದೆರಡು ಹುಣ್ಣು, ಬೆರಳು ತಲುಪುವ ಜಾಗ, ಕನ್ನಡಿಯಲ್ಲಿ ಕಾಣುವ ಗಾಯ ಇದ್ದವರಿಗೆ ಹಚ್ಚುವ ಔಷಧಕ್ಕಿಂತ ಉತ್ತಮವಾದದ್ದಿಲ್ಲ. ಬಾಯಿ ತುಂಬ ಹರಡಿರುವವರಿಗೆ, ಅಂಗುಳಿನ ಹಿಂಭಾಗದಲ್ಲಿ ಇರುವವರಿಗೆ, ಬೆರಳಿಟ್ಟರೆ ವಾಕರಿಕೆ ಬರುವವರಿಗೆ, ಕೈ ನಡುಗುವ ಹಿರಿಯರಿಗೆ ಇದು ಹೊಂದುವುದಿಲ್ಲ.

ಮುಕ್ಕಳಿಸುವ ಸ್ಟೀರಾಯ್ಡ್

ಅಂಥವರಿಗಾಗಿಯೇ ಇರುವ ದಾರಿ ಇದು. 500 ಮೈಕ್ರೊಗ್ರಾಂನ ಬೀಟಾಮೆಥಾಸೋನ್ ಕರಗುವ ಮಾತ್ರೆಯನ್ನು 10ರಿಂದ 20 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಮೂರು ನಿಮಿಷ ಬಾಯಲ್ಲಿ ಹಿಡಿದು ಉಗುಳುವುದು ಒಂದು ವಿಧಾನ. 5 ಮಿಲಿಲೀಟರ್‌ಗೆ 0.5 ಮಿಲಿಗ್ರಾಂ ಇರುವ ಡೆಕ್ಸಾಮೆಥಾಸೋನ್ ದ್ರಾವಣವನ್ನು ಒಂದು ಚಮಚದಷ್ಟು ತೆಗೆದುಕೊಂಡು ಅದೇ ರೀತಿ ಮುಕ್ಕಳಿಸುವುದು ಇನ್ನೊಂದು. ದ್ರವ ಬಾಯಿಯ ಮೂಲೆಮೂಲೆಗೂ ಹೋಗುತ್ತದೆ, ಬೆರಳು ತಾಗಿಸುವ ನೋವಿಲ್ಲ, ಕನ್ನಡಿಯೂ ಬೇಡ. ಬಾಯಿಯಲ್ಲಿ ನಾಲ್ಕೈದು ಕಡೆ ಹುಣ್ಣಿರುವವರು ಒಂದೊಂದನ್ನೂ ಒಣಗಿಸಿ ಹಚ್ಚುವಷ್ಟರಲ್ಲಿ ಸೋತುಹೋಗುತ್ತಾರೆ. ಮುಕ್ಕಳಿಸುವುದಾದರೆ ಮೂರು ನಿಮಿಷದಲ್ಲಿ ಮುಗಿಯುತ್ತದೆ.

ಮೂರು ನಿಮಿಷ ಎಂದು ಬರೆಯುವುದು ಸುಲಭ, ಹಿಡಿಯುವುದು ಕಷ್ಟ. ಗಡಿಯಾರ ನೋಡದೆ ಮುಕ್ಕಳಿಸುವವರು ಸಾಮಾನ್ಯವಾಗಿ ಬೇಗನೆ ಉಗುಳಿಬಿಡುತ್ತಾರೆ, ಆಗ ಈ ಔಷಧ ಕೆಲಸಕ್ಕೆ ಬಾರದೆಂಬ ತೀರ್ಮಾನಕ್ಕೂ ಬಂದುಬಿಡುತ್ತಾರೆ. ಫೋನಿನಲ್ಲಿ ಟೈಮರ್ ಇಟ್ಟುಕೊಳ್ಳುವುದು ಒಳ್ಳೆಯದು. ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿ, ಆಯಾ ಕೆನ್ನೆಯ ಹುಣ್ಣು ದ್ರವದಲ್ಲಿ ಮುಳುಗುವಂತೆ ನೋಡಿಕೊಳ್ಳಬೇಕು. ಮುಗಿದ ಮೇಲೆ ಪೂರ್ತಿ ಉಗುಳಬೇಕು, ನೀರು ಹಾಕಿ ತೊಳೆದುಕೊಳ್ಳಬಾರದು.

ಇಲ್ಲಿರುವ ದೋಷವೆಂದರೆ ಔಷಧ ಆರೋಗ್ಯವಾಗಿರುವ ಭಾಗಕ್ಕೂ ತಾಗುತ್ತದೆ, ಸ್ವಲ್ಪ ನುಂಗಿಯೂ ಹೋಗುತ್ತದೆ. ದಿನಕ್ಕೆ ನಾಲ್ಕು ಸಲದಂತೆ ತಿಂಗಳುಗಟ್ಟಲೆ ಮುಂದುವರಿದರೆ ದೇಹದೊಳಗೆ ಸೇರುವ ಸ್ಟೀರಾಯ್ಡ್ ಗಮನಕ್ಕೆ ತೆಗೆದುಕೊಳ್ಳಬೇಕಾದಷ್ಟಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಈ ಮಾತನ್ನು ವೈದ್ಯರ ಬಳಿ ಎತ್ತಬೇಕು. ಹಚ್ಚುವುದಿರಲಿ, ಮುಕ್ಕಳಿಸುವುದಿರಲಿ, ಬಾಯಿಯಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆಯುವ ತೊಂದರೆ ಎರಡಕ್ಕೂ ಸಮಾನ. ಮಾಯುತ್ತ ಬಂದಿದ್ದ ಬಾಯಿ ಇದ್ದಕ್ಕಿದ್ದಂತೆ ಎಲ್ಲೆಡೆ ಉರಿಯತೊಡಗಿದರೆ, ಒರೆಸಿದರೆ ಹೋಗುವ ಮೊಸರಿನಂಥ ಬಿಳಿ ಲೇಪ ಕಂಡರೆ, ರೋಗ ಮರುಕಳಿಸಿತೆಂದು ಸ್ಟೀರಾಯ್ಡ್ ಹೆಚ್ಚಿಸಬಾರದು. ನಿಸ್ಟಾಟಿನ್ ಅಥವಾ ಕ್ಲೋಟ್ರಿಮಝೋಲ್‌ನಂಥ ಶಿಲೀಂಧ್ರನಾಶಕ ಬೇಕಾಗಿರುತ್ತದೆ. ಲೈಕೆನ್ ಪ್ಲೇನಸ್‌ನ ಬಿಳಿ ಗೆರೆ ಒರೆಸಿದರೆ ಹೋಗುವುದಿಲ್ಲ ಎಂಬುದು ಮನೆಯಲ್ಲೇ ಗುರುತಿಸಬಹುದಾದ ವ್ಯತ್ಯಾಸ.

ಒಸಡಿನದು ಬೇರೆಯೇ ಕಥೆ

ಕೆಲವರಲ್ಲಿ ರೋಗ ಒಸಡಿನಲ್ಲೇ ನೆಲೆಯೂರುತ್ತದೆ. ಹಲ್ಲಿನ ಬುಡದ ಸುತ್ತ ಒಸಡು ಕಡುಕೆಂಪಾಗಿ, ಹೊಳೆಯುತ್ತ, ಬ್ರಷ್ ತಾಗಿದರೆ ರಕ್ತ ಬರುತ್ತದೆ. ನೋವಿಗೆ ಹೆದರಿ ಹಲ್ಲುಜ್ಜುವುದನ್ನು ಬಿಟ್ಟರೆ ಹಲ್ಲಿನ ಮೇಲೆ ಪಾಚಿ ಕಟ್ಟುತ್ತದೆ, ಆ ಪಾಚಿಯೇ ಒಸಡಿನ ಉರಿಯೂತವನ್ನು ಇನ್ನಷ್ಟು ಕೆರಳಿಸುತ್ತದೆ. ಆದ್ದರಿಂದ ಇಲ್ಲಿ ಯಾವ ಸ್ಟೀರಾಯ್ಡ್ ಎಂಬ ಪ್ರಶ್ನೆಗಿಂತ ಮೊದಲು, ದಂತವೈದ್ಯರಿಂದ ಹಲ್ಲು ಸ್ವಚ್ಛಗೊಳಿಸಿಕೊಂಡು ತೀರ ಮೆದುವಾದ ಬ್ರಷ್‌ನಿಂದ ಉಜ್ಜುವುದನ್ನು ರೂಢಿಸಿಕೊಳ್ಳಬೇಕು.

ಔಷಧದ ವಿಷಯಕ್ಕೆ ಬಂದರೆ, ಒಸಡಿಗೆ ಹಚ್ಚಿದ ಜೆಲ್ಲನ್ನು ತುಟಿಯೇ ಒರೆಸಿಬಿಡುತ್ತದೆ. ಹಲ್ಲಿನ ಅಚ್ಚು ತೆಗೆದು, ಒಸಡನ್ನೂ ಮುಚ್ಚುವಂತೆ ತಯಾರಿಸಿದ ಮೃದುವಾದ ಪಾರದರ್ಶಕ ತಟ್ಟೆ ಇದಕ್ಕೆ ತಕ್ಕ ಉಪಾಯ. ತಟ್ಟೆಯ ಒಳಅಂಚಿಗೆ ಕ್ಲೋಬೆಟಾಸಾಲ್ ಜೆಲ್ಲನ್ನು ತೆಳ್ಳಗೆ ಸವರಿ, ಹಲ್ಲಿಗೆ ಕೂರಿಸಿ, ವೈದ್ಯರು ಹೇಳಿದಷ್ಟು ನಿಮಿಷ ಇಟ್ಟುಕೊಂಡರೆ ಔಷಧ ಇರಬೇಕಾದಲ್ಲೇ ಇರುತ್ತದೆ. ತಟ್ಟೆ ಮಾಡಿಸಲು ಎರಡು ಸಲ ಹೋಗಬೇಕು, ಖರ್ಚೂ ಇದೆ. ಹಾಗಿದ್ದರೂ ಒಸಡಿನ ರೋಗಕ್ಕೆ ಮುಕ್ಕಳಿಸುವುದನ್ನು ತಿಂಗಳುಗಟ್ಟಲೆ ಮಾಡಿ ಬೇಸತ್ತವರು ಮೊದಲು ಕೇಳಬೇಕಾದದ್ದು ಇದನ್ನೇ.

ಸ್ಟೀರಾಯ್ಡ್ ಸಾಲದಾದಾಗ: ಟ್ಯಾಕ್ರೊಲಿಮಸ್

ಎರಡು ಮೂರು ತಿಂಗಳು ಸರಿಯಾಗಿ ಹಚ್ಚಿದರೂ ಹುಣ್ಣು ಮಾಯದಿದ್ದರೆ ಮುಂದಿನ ಹೆಸರು ಟ್ಯಾಕ್ರೊಲಿಮಸ್, ಸಾಮಾನ್ಯವಾಗಿ ಶೇ. 0.1ರ ಮುಲಾಮು. ಇದು ಸ್ಟೀರಾಯ್ಡ್ ಅಲ್ಲ. ಟಿ ಕಣಗಳನ್ನು ಎಬ್ಬಿಸುವ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ತಡೆಯುತ್ತದೆ. ಪೊರೆಯನ್ನು ತೆಳುವಾಗಿಸುವುದಿಲ್ಲ ಎಂಬುದು ಇದರ ದೊಡ್ಡ ಗುಣ. ಹಚ್ಚಿದ ಮೊದಲ ಕೆಲವು ದಿನ ಚೆನ್ನಾಗಿ ಉರಿಯುತ್ತದೆ, ಮೊದಲೇ ಹೇಳದಿದ್ದರೆ ರೋಗಿ ಎರಡನೆಯ ದಿನವೇ ಅದನ್ನು ಬಿಟ್ಟುಬಿಡುವಷ್ಟು. ನಿಲ್ಲಿಸಿದ ಕೆಲವು ವಾರಗಳಲ್ಲಿ ಹುಣ್ಣು ಮರಳಿ ಬರುವುದೂ ಸಾಮಾನ್ಯ.

ಕ್ಲೋಬೆಟಾಸಾಲ್‌ಗಿಂತ ಇದು ಮೇಲು ಎಂದು ಹೇಳುವವರಿದ್ದಾರೆ. ಹಾಗೆ ಖಚಿತವಾಗಿ ಹೇಳುವಷ್ಟು ಪುರಾವೆಯಿಲ್ಲ, ಮೊದಲೇ ಇದನ್ನು ಹಿಡಿಯಬಾರದು ಎನ್ನಲು ಇನ್ನೊಂದು ಕಾರಣವೂ ಇದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2006ರಲ್ಲಿ ಈ ಮುಲಾಮಿಗೆ ಕ್ಯಾನ್ಸರ್ ಸಾಧ್ಯತೆಯ ಎಚ್ಚರಿಕೆಯನ್ನು ಲಗತ್ತಿಸಿತು. ಮುಲಾಮಿನಿಂದಲೇ ಕ್ಯಾನ್ಸರ್ ಬರುತ್ತದೆಂದು ಸಾಬೀತಾಗಿಲ್ಲವಾದರೂ, ಬಾಯಿಯ ಲೈಕೆನ್ ಪ್ಲೇನಸ್‌ಗೆ ತನ್ನದೇ ಆದ ಸಣ್ಣ ಕ್ಯಾನ್ಸರ್ ಸಾಧ್ಯತೆ ಇರುವಾಗ, ಇದನ್ನು ಎರಡನೆಯ ಸಾಲಿನಲ್ಲಿ, ಸೀಮಿತ ಅವಧಿಗೆ, ನಿಯಮಿತ ತಪಾಸಣೆಯೊಂದಿಗೆ ಬಳಸುವುದೇ ವಿವೇಕ. ಸೈಕ್ಲೋಸ್ಪೊರಿನ್ ದ್ರಾವಣವನ್ನು ಮುಕ್ಕಳಿಸುವ ಪದ್ಧತಿಯೂ ಇತ್ತು; ರುಚಿ ಕೆಟ್ಟದ್ದು, ದುಬಾರಿ, ಫಲ ಸ್ಟೀರಾಯ್ಡ್‌ಗಿಂತ ಹೆಚ್ಚೇನಲ್ಲ. ಅದನ್ನು ಪಟ್ಟಿಯಿಂದ ಬಿಡಬಹುದು.

ಒಂದೇ ಒಂದು ಹಟಮಾರಿ ಹುಣ್ಣು ಉಳಿದುಕೊಂಡಿದ್ದರೆ ಅದರ ಬುಡಕ್ಕೆ ಟ್ರಯಾಮ್ಸಿನೊಲೋನ್ ಚುಚ್ಚುಮದ್ದು ಕೊಡುವುದುಂಟು. ನೋವಾಗುತ್ತದೆ, ಆದರೆ ದಿನವೂ ಹಚ್ಚುವ ತಾಪತ್ರಯ ಕೆಲವು ವಾರ ತಪ್ಪುತ್ತದೆ.

ಮಾತ್ರೆಗಳು

ನೀರು ಕುಡಿಯಲೂ ಆಗದಷ್ಟು ಬಾಯಿ ಹುಣ್ಣಾಗಿದ್ದರೆ, ಅಥವಾ ಬಾಯಿಯ ಜೊತೆಗೆ ಜನನಾಂಗ, ನೆತ್ತಿ, ಉಗುರು, ಅನ್ನನಾಳಗಳಲ್ಲೂ ರೋಗವಿದ್ದರೆ ಹಚ್ಚುವ ಔಷಧ ಸಾಲುವುದಿಲ್ಲ. ನುಂಗುವಾಗ ಆಹಾರ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ಜನನಾಂಗದಲ್ಲಿ ಉರಿ, ಕೂದಲು ತೇಪೆಯಾಗಿ ಉದುರುವುದು ಇವನ್ನು ಬಾಯಿಗೆ ಸಂಬಂಧವಿಲ್ಲವೆಂದು ರೋಗಿಗಳು ಹೇಳುವುದೇ ಇಲ್ಲ. ಹೇಳಲೇಬೇಕು, ಏಕೆಂದರೆ ಅಲ್ಲಿ ಆಗುವ ಗಾಯ ಕಲೆಗಟ್ಟಿ ಕಿರಿದಾದರೆ ಸರಿಪಡಿಸುವುದು ಕಷ್ಟ.

ಪ್ರೆಡ್ನಿಸೊಲೋನ್ ಮಾತ್ರೆ ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ. ದಿನಕ್ಕೆ 30ರಿಂದ 40 ಮಿಲಿಗ್ರಾಂನಷ್ಟು ಬೆಳಗಿನ ಹೊತ್ತು ಆರಂಭಿಸಿ, ಕೆಲವು ವಾರಗಳಲ್ಲಿ ಇಳಿಸಿ ನಿಲ್ಲಿಸುವುದು ಕ್ರಮ. ಒಂದೆರಡು ವಾರದಲ್ಲೇ ಬಾಯಿ ಹಗುರಾಗುವುದರಿಂದ ರೋಗಿಗಳಿಗೆ ಇದು ಬಹಳ ಇಷ್ಟ. ನಿಲ್ಲಿಸಿದ ಮೇಲೆ ಹುಣ್ಣು ಮರಳಿತೆಂದು ಮತ್ತೆ ಮತ್ತೆ ತಾವೇ ಕೊಂಡು ನುಂಗುವವರನ್ನು ಕಂಡಾಗ ಮಾತ್ರ ಗಾಬರಿಯಾಗುತ್ತದೆ: ಸಕ್ಕರೆ ಏರುವುದು, ರಕ್ತದೊತ್ತಡ, ಮೂಳೆ ಸವೆತ, ಕಣ್ಣಿನ ಪೊರೆ ಎಲ್ಲವೂ ಹೀಗೆಯೇ ಬರುತ್ತವೆ. ಪ್ರೆಡ್ನಿಸೊಲೋನ್ ಬೆಂಕಿ ಆರಿಸಲು ಮಾತ್ರ. ಆರಿದ ಮೇಲೆ ಕಾಯುವ ಕೆಲಸ ಹಚ್ಚುವ ಔಷಧದ್ದು.

ದೀರ್ಘಕಾಲ ಬೇಕಾದವರಿಗೆ ಬೇರೆ ಮಾತ್ರೆಗಳಿವೆ, ಅವುಗಳಲ್ಲಿ ಆಯ್ಕೆ ನಡೆಯುವುದು ರೋಗಿಯ ಉಳಿದ ಆರೋಗ್ಯವನ್ನು ನೋಡಿ. ಹೈಡ್ರಾಕ್ಸಿಕ್ಲೋರೊಕ್ವಿನ್ ಇವುಗಳಲ್ಲಿ ಸೌಮ್ಯ, ಆದರೆ ಫಲ ಕಾಣಲು ತಿಂಗಳುಗಳು ಬೇಕು, ಕಣ್ಣಿನ ಅಕ್ಷಿಪಟದ ತಪಾಸಣೆ ಬೇಕು. ವಿಚಿತ್ರವೆಂದರೆ ಮಲೇರಿಯಾಕ್ಕೆ ಕೊಡುವ ಈ ಗುಂಪಿನ ಔಷಧಗಳೇ ಕೆಲವರಲ್ಲಿ ಲೈಕೆನ್ ಪ್ಲೇನಸ್‌ನಂಥ ಗಾಯ ತರುತ್ತವೆ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ, ಹಾಗಾಗಿ ವಾರದ ಆ ದಿನದ ಹೆಸರನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಡಬೇಕು. ಅಝಥಯೊಪ್ರಿನ್ ಮತ್ತು ಮೈಕೊಫೆನೊಲೇಟ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ ಆಗಾಗ ರಕ್ತಪರೀಕ್ಷೆ ಅನಿವಾರ್ಯ. ಎಸಿಟ್ರೆಟಿನ್ ಹುಟ್ಟುವ ಮಗುವಿಗೆ ಹಾನಿ ಮಾಡುತ್ತದೆ, ನಿಲ್ಲಿಸಿದ ನಂತರವೂ ಮೂರು ವರ್ಷ ಗರ್ಭ ಧರಿಸುವಂತಿಲ್ಲ. ಮುಂದೆ ಮಕ್ಕಳನ್ನು ಬಯಸುವ ಹೆಣ್ಣುಮಕ್ಕಳಿಗೆ ಅದು ಆಯ್ಕೆಯೇ ಅಲ್ಲ. ಮೆಥೊಟ್ರೆಕ್ಸೇಟ್, ಮೈಕೊಫೆನೊಲೇಟ್‌ಗಳನ್ನೂ ಗರ್ಭಿಣಿಯರು ಮುಟ್ಟಬಾರದು.

ನೋವು ತಗ್ಗಿಸುವವು, ಕೆರಳಿಸದಿರುವವು

ಶೇ. 0.15ರ ಬೆಂಝಿಡಮಿನ್ ಮುಕ್ಕಳಿಸುವ ದ್ರಾವಣ, ಶೇ. 2ರ ಲಿಡೊಕೇನ್ ಜೆಲ್ ಇವು ಹುಣ್ಣನ್ನು ಮಾಯಿಸುವುದಿಲ್ಲ. ಊಟಕ್ಕೆ ಸ್ವಲ್ಪ ಮೊದಲು ಬಳಸಿದರೆ ಊಟ ಸೇರುತ್ತದೆ, ಅಷ್ಟೇ ಇವುಗಳ ಕೆಲಸ, ಅದೇನೂ ಸಣ್ಣ ಉಪಕಾರವಲ್ಲ. ಕ್ಲೋರ್‌ಹೆಕ್ಸಿಡಿನ್ ಒಸಡಿನ ರೋಗದಲ್ಲಿ ಪಾಚಿ ತಡೆಯಲು ನೆರವಾಗುತ್ತದೆ, ಆದರೆ ಹಲ್ಲಿಗೆ ಕಂದು ಬಣ್ಣ ಹಿಡಿಸುತ್ತದೆ. ಕೊಳ್ಳುವಾಗ ಆಲ್ಕೊಹಾಲ್ ಇಲ್ಲದ್ದನ್ನೇ ಕೇಳಬೇಕು.

ಟೂತ್‌ಪೇಸ್ಟ್ ಬದಲಿಸುವುದು ಎಲ್ಲಕ್ಕಿಂತ ಸುಲಭವಾದ ಪ್ರಯೋಗ. ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ, ಪುದೀನಾ ಅಥವಾ ದಾಲ್ಚಿನ್ನಿಯ ಖಾರ ಇಲ್ಲದ ಪೇಸ್ಟನ್ನು ಒಂದು ತಿಂಗಳು ಬಳಸಿ ನೋಡಬಹುದು. ಚರ್ಮದಲ್ಲಿ ಕೆರೆದ ಗೆರೆಯುದ್ದಕ್ಕೂ ಹೊಸ ಗುಳ್ಳೆಗಳು ಏಳುವುದು ಈ ರೋಗದ ಸ್ವಭಾವ; ಬಾಯಿಯಲ್ಲೂ ಚೂಪಾದ ಹಲ್ಲಿನ ಅಂಚು, ಸರಿಯಾಗಿ ಕೂರದ ಹಲ್ಲಿನ ಸೆಟ್, ಕೆನ್ನೆ ಕಚ್ಚುವ ಚಾಳಿ ಇವು ಹುಣ್ಣನ್ನು ಅದೇ ಜಾಗಕ್ಕೆ ಮತ್ತೆ ಮತ್ತೆ ಕರೆತರುತ್ತವೆ. ಅಲೊವೆರಾ ಜೆಲ್ ಕೆಲವರಿಗೆ ತಂಪೆನಿಸುತ್ತದೆ, ಹಾನಿಯಿಲ್ಲ; ಸ್ಟೀರಾಯ್ಡ್ ಬಿಟ್ಟು ಅದನ್ನೇ ನಂಬುವಷ್ಟು ಬಲ ಅದಕ್ಕಿಲ್ಲ.

ಎಷ್ಟು ದಿನ, ಯಾವಾಗ ಬದಲಿಸಬೇಕು

ಹಚ್ಚುವ ಅಥವಾ ಮುಕ್ಕಳಿಸುವ ಸ್ಟೀರಾಯ್ಡ್ ಫಲ ಕೊಡುತ್ತಿದೆಯೇ ಎಂದು ತೀರ್ಮಾನಿಸಲು ಕನಿಷ್ಠ ನಾಲ್ಕು ವಾರ ಬೇಕು. ಹಸಿ ಗಾಯ ಮುಚ್ಚಿದ ಮೇಲೆ ದಿನಕ್ಕೆ ಮೂರರಿಂದ ಒಂದಕ್ಕೆ, ಆಮೇಲೆ ದಿನ ಬಿಟ್ಟು ದಿನಕ್ಕೆ ಇಳಿಸಿ ನಿಲ್ಲಿಸಬಹುದು. ಬಿಳಿ ಗೆರೆ ಪೂರ್ತಿ ಹೋಗುವವರೆಗೆ ಕಾಯಬಾರದು, ಅದು ಹೋಗದೆಯೂ ಇರಬಹುದು. ಮನೆಯಲ್ಲಿ ಒಂದು ಟ್ಯೂಬ್ ಇಟ್ಟುಕೊಂಡು, ಮತ್ತೆ ಚುರುಗುಟ್ಟಲು ಶುರುವಾದ ದಿನವೇ ಹಚ್ಚಿದರೆ ಕೆರಳುವಿಕೆ ಚಿಕ್ಕದರಲ್ಲೇ ನಿಲ್ಲುತ್ತದೆ. ಬದಲಿಸುವ ಮುನ್ನ ಔಷಧವನ್ನು ಬೈಯುವುದಕ್ಕಿಂತ ಹಚ್ಚಿದ ರೀತಿಯನ್ನು ಒಮ್ಮೆ ವೈದ್ಯರಿಗೆ ಮಾಡಿ ತೋರಿಸುವುದು ಒಳ್ಳೆಯದು.

ವಿಶ್ವ ಆರೋಗ್ಯ ಸಂಸ್ಥೆಯು ಬಾಯಿಯ ಲೈಕೆನ್ ಪ್ಲೇನಸ್ಸನ್ನು ಮುಂದೆ ಕ್ಯಾನ್ಸರ್ ಆಗಬಹುದಾದ ರೋಗಗಳ ಸಾಲಿನಲ್ಲಿಟ್ಟಿದೆ. ಹಾಗಾಗುವವರು ನೂರಕ್ಕೆ ಸುಮಾರು ಒಬ್ಬರು. ತಂಬಾಕು ಮತ್ತು ಮದ್ಯ ಆ ಲೆಕ್ಕವನ್ನು ಕೆಡಿಸುತ್ತವೆ. ನೋವಿರಲಿ, ಇಲ್ಲದಿರಲಿ, ಆರು ತಿಂಗಳಿಗೊಮ್ಮೆ, ಕೊನೆಯ ಪಕ್ಷ ವರ್ಷಕ್ಕೊಮ್ಮೆ ಬಾಯಿಯನ್ನು ಪರೀಕ್ಷಿಸಿಕೊಳ್ಳಬೇಕು. ನಡುವೆ, ಉಳಿದವು ಮಾಯುತ್ತಿರುವಾಗ ಒಂದು ಹುಣ್ಣು ಮಾತ್ರ ಮೂರು ವಾರ ಕಳೆದರೂ ಮಾಯದೆ ಉಳಿದರೆ, ಅದರ ಅಂಚು ಬೆರಳಿಗೆ ಗಟ್ಟಿಯಾಗಿ ತಾಗಿದರೆ, ಅಥವಾ ಕತ್ತಿನಲ್ಲಿ ಗಂಟು ಕಂಡರೆ ಮುಂದಿನ ತಪಾಸಣೆಯ ದಿನದವರೆಗೆ ಕಾಯದೆ ಹೋಗಿ, ಆ ಜಾಗದಿಂದ ಮತ್ತೊಮ್ಮೆ ಬಯಾಪ್ಸಿ ತೆಗೆಸಬೇಕು, ಮೊದಲ ವರದಿಯಲ್ಲಿ ಲೈಕೆನ್ ಪ್ಲೇನಸ್ ಎಂದೇ ಬಂದಿದ್ದರೂ ಸರಿಯೇ.